ನ್ಯಾನೊವೈರ್ ಗ್ಯಾಸ್ ಸೆನ್ಸರ್ ಮಂಕಾಯಿತೇ? ತಂತಿಯನ್ನು ಬೈಯುವ ಮೊದಲು ಕಾಂಟ್ಯಾಕ್ಟ್ ನೋಡಿ

ದೀಪಾವಳಿ ರಜೆ ಮುಗಿಸಿ ಬಂದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಒಂದು ಚಿಪ್ ತಂದು ನನ್ನ ಮೇಜಿನ ಮೇಲಿಟ್ಟು, ‘ಇದು ಸತ್ತಂಗ ಆಗೇತ್ರಿ ಸರ’ ಅಂದಳು. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸತ್ತವು, ಸತ್ತಂತೆ ನಟಿಸುವವು, ಎರಡೂ ಕೊನೆಗೆ ನನ್ನ ಮೇಜಿಗೇ ಬರುತ್ತವೆ.

ಅವಳದು ಝಿಂಕ್ ಆಕ್ಸೈಡ್ ನ್ಯಾನೊವೈರ್ ಸೆನ್ಸರ್, ಅಂದರೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ತಂತಿಯಿಂದ ಗ್ಯಾಸು ಗುರುತಿಸುವ ಸಾಧನ. ಗುರಿ ಅಮೋನಿಯ. ಬ್ಯಾಡಗಿಯ ಸುತ್ತಮುತ್ತ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ಗಳು ಸಾಕಷ್ಟಿವೆ. ದೊಡ್ಡ ಶೀತಲಗೃಹಗಳಲ್ಲಿ ತಂಪು ಮಾಡಲು ಅಮೋನಿಯ ಬಳಸುವುದು ಹಳೆಯ ರೂಢಿ. ಪೈಪು ಸೋರಿದರೆ ಮೂಗಿಗೆ ಹೊಡೆಯುವ ಮೊದಲೇ ಕೂಗುವ ಅಗ್ಗದ ಸಾಧನ ಬೇಕು ಎಂಬುದು ಪ್ರಾಜೆಕ್ಟು. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ದಿನದ ಕೆಲಸದ ಅವಧಿಗೆ ಹಾಕಿದ ಸರಾಸರಿ ಮಿತಿ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25), 15 ನಿಮಿಷಕ್ಕೆ 35. 300 ಪಿಪಿಎಂ ಮುಟ್ಟಿದರೆ ತಕ್ಷಣದ ಪ್ರಾಣಾಪಾಯ. ಹಾಗಾಗಿ 25ರ ಆಸುಪಾಸಿನಲ್ಲಿ ಸ್ಪಷ್ಟವಾಗಿ ಮಾತಾಡದ ಸೆನ್ಸರ್ ಇದ್ದೂ ಇಲ್ಲದಂತೆ.

ರಜೆಗೆ ಮುಂಚೆ ಈ ಚಿಪ್ 150 ಡಿಗ್ರಿಯಲ್ಲಿ 50 ಪಿಪಿಎಂ ಅಮೋನಿಯಕ್ಕೆ ಕರೆಂಟನ್ನು ಇಪ್ಪತ್ತು ಪಟ್ಟು ಏರಿಸುತ್ತಿತ್ತು. ಈಗ ಒಂದೂಕಾಲು ಪಟ್ಟು. ತಂತಿಗೆ ವಿಷ ಹತ್ತಿದೆ, ಮಳೆಗಾಲದ ತೇವ ಹೊಕ್ಕಿದೆ, ಹೀಗೆ ಓರಗೆಯವರೆಲ್ಲ ಒಂದೊಂದು ಕಾರಣ ಕೊಟ್ಟಿದ್ದರು. ಅವಳು ಆಗಲೇ ಝಿಂಕ್ ನೈಟ್ರೇಟ್ ಮತ್ತು ಹೆಕ್ಸಮಿನ್ ತೂಗಿ, 90 ಡಿಗ್ರಿ ಒಲೆಯಲ್ಲಿ ಹೊಸ ತಂತಿ ಬೆಳೆಸಲು ಹೊರಟಿದ್ದಳು. ನಾನು ಕೇಳಿದ್ದು ಒಂದೇ ಪ್ರಶ್ನೆ.

‘ರಜಾಕ್ಕ ಹೋಗೂ ಮುಂಚೆ ಕೆಂಪು ಕ್ಲಿಪ್ ಯಾವ ಕಡೆ ಇತ್ತವಾ?’

‘ನೆನಪಿಲ್ರಿ ಸರ. ಯಾವ ಕಡೆ ಹಚ್ಚಿದ್ರೂ ಅಷ್ಟ ಅಲ್ಲೇನ್ರಿ?’

ಅಷ್ಟೇ ಅಲ್ಲ. ಅದು ಯಾಕೆ ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಗ್ಯಾಸು ಎಲ್ಲಿ ತಾಗುತ್ತದೆ?

ಝಿಂಕ್ ಆಕ್ಸೈಡ್ ಎನ್-ಮಾದರಿಯ ಅರೆವಾಹಕ, ಎಲೆಕ್ಟ್ರಾನುಗಳಿಂದ ಕರೆಂಟು ಸಾಗಿಸುವಂಥದ್ದು. ಗಾಳಿಯ ಆಮ್ಲಜನಕ ಅದರ ಮೈಗೆ ಅಂಟಿ ಒಳಗಿನ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುತ್ತದೆ. ತಂತಿಯ ಸಿಪ್ಪೆಯ ಭಾಗ ಬರಿದಾಗಿ ರೆಸಿಸ್ಟನ್ಸ್ ಏರುತ್ತದೆ. ಅಮೋನಿಯ ಬಂದು ಆ ಆಮ್ಲಜನಕದ ಜೊತೆ ವರ್ತಿಸಿದಾಗ ಎಲೆಕ್ಟ್ರಾನು ವಾಪಸು, ರೆಸಿಸ್ಟನ್ಸ್ ಇಳಿತ. ಪುಸ್ತಕಗಳು ಹೇಳುವ ಕಥೆ ಇದು, ಸುಳ್ಳಲ್ಲ. ಆದರೆ ಅರ್ಧ ಕಥೆ.

ತಂತಿಯ ಎರಡೂ ತುದಿಗೆ ಲೋಹ ಕೂಡಲೇಬೇಕು. ಆ ಕೂಡುವ ಜಾಗದಲ್ಲಿ ಎಲೆಕ್ಟ್ರಾನಿಗೆ ಏನೂ ಅಡ್ಡಿಯಿಲ್ಲದಿದ್ದರೆ ಅದು ಓಮಿಕ್ ಕಾಂಟ್ಯಾಕ್ಟ್. ಹತ್ತಿ ದಾಟಬೇಕಾದ ಗೋಡೆಯಿದ್ದರೆ ಶಾಟ್ಕಿ ಕಾಂಟ್ಯಾಕ್ಟ್. ಕೆರೆಯಿಂದ ಗದ್ದೆಗೆ ನೀರು ಹೋಗುವುದನ್ನು ನೆನೆಯಿರಿ. ಓಮಿಕ್ ಎಂದರೆ ತೂಬು ಪೂರ್ತಿ ಎತ್ತಿದ ಕಾಲುವೆ. ನೀರು ಎಷ್ಟು ಬಂತು ಎನ್ನುವುದು ಕಾಲುವೆಯ ಅಗಲ, ಹೂಳು ಇವುಗಳ ಮೇಲೆ ನಿಂತಿದೆ. ಗ್ಯಾಸು ಹೂಳು ತೆಗೆದಷ್ಟು ನೀರು ಹೆಚ್ಚು. ಶಾಟ್ಕಿ ಎಂದರೆ ತೂಬು ಅರೆಬರೆ ಮುಚ್ಚಿದ್ದು. ಕಾಲುವೆಯಲ್ಲಿ ಎಷ್ಟೇ ಹೂಳಿರಲಿ, ಲೆಕ್ಕಕ್ಕೆ ಬರುವುದು ತೂಬಿನ ಸಂದಿ ಮಾತ್ರ. ಗ್ಯಾಸು ಬಂದು ತೂಬನ್ನು ಒಂದು ಬೆರಳಷ್ಟು ಎತ್ತಿದರೂ ಹರಿವು ಎಷ್ಟೋ ಪಟ್ಟು ಏರುತ್ತದೆ.

ಎಷ್ಟು ಪಟ್ಟು? ಗೋಡೆ ದಾಟುವ ಕರೆಂಟು ಗೋಡೆಯ ಎತ್ತರಕ್ಕೆ ಘಾತಾಂಕದ ಲೆಕ್ಕದಲ್ಲಿ ಬದಲಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಗೋಡೆ 0.06 ಎಲೆಕ್ಟ್ರಾನ್‌ವೋಲ್ಟ್ (ಗೋಡೆಯ ಎತ್ತರ ಹೇಳುವ ಶಕ್ತಿಯ ಮಾನ) ತಗ್ಗಿದರೆ ಕರೆಂಟು ಹತ್ತು ಪಟ್ಟು. 150 ಡಿಗ್ರಿಯಲ್ಲಿ ಹತ್ತು ಪಟ್ಟಿಗೆ ಸುಮಾರು 0.084 ಬೇಕು. ಈ ಹುಡುಗಿಯ ಇಪ್ಪತ್ತು ಪಟ್ಟು ಎಂದರೆ ಅಮೋನಿಯ ಗೋಡೆಯನ್ನು ಸುಮಾರು 0.11 ಎಲೆಕ್ಟ್ರಾನ್‌ವೋಲ್ಟ್ ತಗ್ಗಿಸಿತ್ತು ಎಂದರ್ಥ. ಚಿನ್ನ ಮತ್ತು ಝಿಂಕ್ ಆಕ್ಸೈಡ್ ನಡುವಿನ ಪೂರ್ತಿ ಗೋಡೆ ಸಾಮಾನ್ಯವಾಗಿ 0.6ರಿಂದ 0.8ರಷ್ಟಿರುತ್ತದೆ. ಅದರ ಆರನೆಯ ಒಂದು ಭಾಗ ಅಲುಗಿದರೂ ಇಷ್ಟು ಫಲ. ಅಮೆರಿಕದ ಜಾರ್ಜಿಯಾ ಟೆಕ್‌ನ ಝೊಂಗ್ ಲಿನ್ ವಾಂಗ್ ಅವರ ತಂಡ 2009ರಲ್ಲಿ ಇದನ್ನೇ ತೋರಿಸಿತ್ತು. ಝಿಂಕ್ ಆಕ್ಸೈಡ್ ತಂತಿಗೆ ಶಾಟ್ಕಿ ಕಾಂಟ್ಯಾಕ್ಟ್ ಕೊಟ್ಟು, ಹಿಮ್ಮುಖ ವೋಲ್ಟೇಜಿನಲ್ಲಿ (ಗೋಡೆ ಕರೆಂಟನ್ನು ತಡೆಯುವ ದಿಕ್ಕಿನಲ್ಲಿ), 275 ಡಿಗ್ರಿಯಲ್ಲಿ 400 ಪಿಪಿಎಂ ಕಾರ್ಬನ್ ಮಾನಾಕ್ಸೈಡಿಗೆ ಅವರು ಪಡೆದ ಸಂವೇದನೆ ಶೇಕಡಾ 32,000. ಅದೇ ಪರಿಸ್ಥಿತಿಯಲ್ಲಿ ಓಮಿಕ್ ಸಾಧನ ಕೊಟ್ಟಿದ್ದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು. ಆ ಸಂಖ್ಯೆ ಓದಿದ ಮೇಲೆ ಎಲ್ಲರಿಗೂ ಶಾಟ್ಕಿಯೇ ಬೇಕು. ಹಿಮ್ಮುಖ ಎಂಬ ಶಬ್ದವನ್ನು ಮಾತ್ರ ಹಾರಿಸಿ ಓದುತ್ತಾರೆ.

ಮಲ್ಟಿಮೀಟರ್ ಬದಿಗಿಡಿ

ಸೆನ್ಸರ್ ಮಂಕಾದ ಕೂಡಲೇ ಕೈ ಹೋಗುವುದು ಮಲ್ಟಿಮೀಟರಿಗೆ. ಬೇಡ. ಓಮ್ ರೇಂಜಿನಲ್ಲಿ ಅದು ತನಗೆ ತೋಚಿದ ಕರೆಂಟು ಹರಿಸುತ್ತದೆ, ರೇಂಜು ಬದಲಾದಂತೆ ಆ ಕರೆಂಟೂ ಬದಲಾಗುತ್ತದೆ. ಗೋಡೆಯಿರುವ ಕಾಂಟ್ಯಾಕ್ಟಿಗೆ ಒಂದು ನಿಶ್ಚಿತ ರೆಸಿಸ್ಟನ್ಸ್ ಎನ್ನುವುದೇ ಇಲ್ಲ. ಇಂದು 8 ಮೆಗಾ ಓಮ್ ಓದಿದ್ದು ನಾಳೆ ಬೇರೆ ರೇಂಜಿನಲ್ಲಿ 90 ಓದಿದರೆ ಸಾಧನ ಕೆಟ್ಟಿದೆ ಎನ್ನುವಂತಿಲ್ಲ. ಒಂಟಿ ತಂತಿಯ ಸಾಧನವಾದರೆ ಕಡಿಮೆ ರೇಂಜಿನ ಕರೆಂಟಿಗೆ ಸುಟ್ಟೇ ಹೋದೀತು.

ಬೇಕಾದದ್ದು ಸೋರ್ಸ್‌ಮೀಟರ್ (ನಾವು ಹೇಳಿದ ವೋಲ್ಟೇಜು ಕೊಟ್ಟು ಕರೆಂಟು ಅಳೆಯುವ ಉಪಕರಣ) ಮತ್ತು ಐ-ವಿ ಗ್ರಾಫ್, ಅಂದರೆ ವೋಲ್ಟೇಜಿಗೆ ಎದುರಾಗಿ ಕರೆಂಟಿನ ಗೆರೆ. ಮೈನಸ್ 1ರಿಂದ ಪ್ಲಸ್ 1 ವೋಲ್ಟ್‌ವರೆಗೆ 20 ಮಿಲಿವೋಲ್ಟ್ ಮೆಟ್ಟಿಲಿನಲ್ಲಿ ಹೋಗಿ, ಅದೇ ದಾರಿಯಲ್ಲಿ ವಾಪಸು ಬನ್ನಿ. ಕರೆಂಟಿನ ಮೇಲ್ಮಿತಿಯನ್ನು 1 ಮೈಕ್ರೋ ಆಂಪಿಯರಿಗೆ ಕಟ್ಟಿ. ಚಿಪ್ ಮೇಲೆ ಕಪ್ಪು ಬಟ್ಟೆ ಹೊದಿಸಿ. ಝಿಂಕ್ ಆಕ್ಸೈಡಿಗೆ ನೇರಳಾತೀತ ಬೆಳಕು ಬಿದ್ದರೆ ಕರೆಂಟು ಜಿಗಿಯುತ್ತದೆ, ಬೆಳಕು ಹೋದ ಮೇಲೂ ಗಂಟೆಗಟ್ಟಲೆ ಇಳಿಯದೆ ಕೂತಿರುತ್ತದೆ. ಕಿಟಕಿ ಪಕ್ಕದ ಮೇಜಿನಲ್ಲಿ ಮಧ್ಯಾಹ್ನ ಬೇರೆ ಸೆನ್ಸರ್, ಸಂಜೆ ಬೇರೆ ಸೆನ್ಸರ್ ಆಗುವುದು ಹೀಗೆ. ಮೊದಲು ಕೋಣೆಯ ಉಷ್ಣತೆಯಲ್ಲಿ, ಆಮೇಲೆ ಕೆಲಸದ ಉಷ್ಣತೆಯಲ್ಲಿ, ಎರಡೂ ಸಲ ಶುದ್ಧ ಗಾಳಿಯಲ್ಲಿ ಅಳೆಯಿರಿ. ಯಾವ ಪ್ಯಾಡಿಗೆ (ತಂತಿಯ ತುದಿಯ ಲೋಹದ ಪಟ್ಟಿಗೆ) ಕೆಂಪು, ಯಾವುದಕ್ಕೆ ಕಪ್ಪು ಎಂದು ಫೈಲಿನ ಹೆಸರಿನಲ್ಲೇ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ ಎಂದವರು ಯಾರೂ ಬರೆದದ್ದನ್ನು ನಾನು ನೋಡಿಲ್ಲ.

ಗ್ರಾಫು ನೆಟ್ಟನೆಯ ಗೆರೆಯಾದರೆ ಓಮಿಕ್. ಒಂದು ಕಡೆ ಏರಿ ಇನ್ನೊಂದು ಕಡೆ ನೆಲ ಹಿಡಿದು ಮಲಗಿದರೆ ಒಂದು ತುದಿ ಶಾಟ್ಕಿ, ಇನ್ನೊಂದು ಓಮಿಕ್. ಎರಡೂ ಕಡೆ ಕರೆಂಟು ಕಡಿಮೆಯಿದ್ದು, ವೋಲ್ಟೇಜು ಏರಿಸಿದರೂ ಅಷ್ಟಾಗಿ ಏರದಿದ್ದರೆ ಎರಡೂ ತುದಿಯಲ್ಲಿ ಗೋಡೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಡಯೋಡ್‌ಗಳಂತೆ. ಯಾವ ದಿಕ್ಕಿಗೆ ತಿರುಗಿಸಿದರೂ ಒಂದಲ್ಲ ಒಂದು ಹಿಮ್ಮುಖವಾಗೇ ಇರುತ್ತದೆ. ಹೋಗುವ ದಾರಿ, ಬರುವ ದಾರಿ ಬೇರೆಬೇರೆಯಾಗಿ ಕುಣಿಕೆ ಬಿದ್ದರೆ ಮೈಮೇಲೆ ತೇವವೋ ಸಿಕ್ಕಿಬಿದ್ದ ಚಾರ್ಜೋ ಇದೆ. ಬಿಸಿ ಮಾಡಿ ಒಣಗಿಸಿ ಮತ್ತೆ ಅಳೆಯಿರಿ. ಗೆರೆ ಗರಗಸದಂತಿದ್ದರೆ ಭೌತಶಾಸ್ತ್ರ ಯೋಚಿಸುವ ಮೊದಲು ಕ್ಲಿಪ್ ಅಲ್ಲಾಡಿಸಿ ನೋಡಿ.

ಇಲ್ಲೊಂದು ಮೋಸವಿದೆ. ವೋಲ್ಟೇಜಿನ ವ್ಯಾಪ್ತಿ ಸಣ್ಣದು ಮಾಡಿದರೆ ಎಂಥ ಡೊಂಕೂ ನೆಟ್ಟಗೆ ಕಾಣುತ್ತದೆ. ಪ್ಲಸ್ ಮೈನಸ್ 20 ಮಿಲಿವೋಲ್ಟಿನೊಳಗೆ ಅಳೆದು ‘ನಮ್ಮದು ಓಮಿಕ್’ ಎಂದು ಬರೆದವರಿದ್ದಾರೆ. ಸೆನ್ಸರನ್ನು ಯಾವ ವೋಲ್ಟೇಜಿನಲ್ಲಿ ಓಡಿಸುತ್ತೀರೋ ಕನಿಷ್ಠ ಅಲ್ಲಿಯವರೆಗೆ ಅಳೆಯಬೇಕು.

ಕ್ಲಿಪ್ ತಿರುಗಿಸಿದಾಗ

ಹುಡುಗಿಯ ಚಿಪ್‌ನ ಗ್ರಾಫು ಒಂದು ಕಡೆ ಏರಿ ಇನ್ನೊಂದು ಕಡೆ ಮಲಗುವ ಜಾತಿಯದು. ಒಂದು ಪ್ಯಾಡು ಟೈಟೇನಿಯಂ ಮೇಲೆ ಚಿನ್ನ, ಇನ್ನೊಂದು ಬರೀ ಚಿನ್ನ. ಚಿನ್ನದ ಪ್ಯಾಡಿಗೆ ಪ್ಲಸ್ 1 ವೋಲ್ಟ್ ಕೊಟ್ಟರೆ 180 ನ್ಯಾನೊ ಆಂಪಿಯರ್, ಮೈನಸ್ 1 ಕೊಟ್ಟರೆ 6. ಅವಳು ರಜೆಯ ನಂತರ ಅಳೆದದ್ದೆಲ್ಲ ಪ್ಲಸ್ ಬದಿಯಲ್ಲಿ. ಎನ್-ಮಾದರಿಯ ತಂತಿಗೆ ಲೋಹದ ಕಡೆ ಪ್ಲಸ್ ಕೊಟ್ಟರೆ ಅದು ಮುಮ್ಮುಖ. 1 ವೋಲ್ಟಿಗೆ ಗೋಡೆ ಹೆಚ್ಚುಕಡಿಮೆ ಮಲಗಿರುತ್ತದೆ, ಉಳಿದದ್ದು ತಂತಿಯ ಮೈಯ ರೆಸಿಸ್ಟನ್ಸ್. ಅಮೋನಿಯಕ್ಕೆ 180 ಇದ್ದದ್ದು 225 ಆಗುತ್ತಿತ್ತು. ಆ ಒಂದೂಕಾಲು ಪಟ್ಟು ತಂತಿಯ ಮೈ ಕೊಟ್ಟ ಉತ್ತರ. ಸೆನ್ಸರ್ ಸತ್ತಿರಲಿಲ್ಲ, ನಾವು ಬೇರೆಯವರನ್ನು ಮಾತಾಡಿಸುತ್ತಿದ್ದೆವು.

ಕ್ಲಿಪ್ ಅದಲುಬದಲು ಮಾಡಿ, ಹಿಮ್ಮುಖದಲ್ಲಿ ಅದೇ 50 ಪಿಪಿಎಂ ಬಿಟ್ಟೆವು. 6 ಇದ್ದದ್ದು 66. ಹನ್ನೊಂದು ಪಟ್ಟು. ಅವಳು ಕುರ್ಚಿಯಿಂದ ಎದ್ದೇ ಬಿಟ್ಟಳು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಹಳೆಯದು ಇಪ್ಪತ್ತು, ಈಗ ಹನ್ನೊಂದು. ಉಳಿದದ್ದು ಎಲ್ಲಿ ಹೋಯಿತು?

ಇಂಥಲ್ಲಿ ಗ್ಯಾಸು ಬಿಟ್ಟಾಗಿನ ಕರೆಂಟನ್ನಲ್ಲ, ಬರೀ ಗಾಳಿಯ ಕರೆಂಟನ್ನು ಹಳೆಯದಕ್ಕೆ ಹೋಲಿಸಬೇಕು. ಹಳೆಯ ಫೈಲಿನಲ್ಲಿ ಹಿಮ್ಮುಖ ಕರೆಂಟು ಗಾಳಿಯಲ್ಲಿ 1.5 ನ್ಯಾನೊ ಆಂಪಿಯರ್ ಇತ್ತು. ಈಗ 6. ನಾಲ್ಕು ಪಟ್ಟು ಸೋರಿಕೆ ಎಂದರೆ 150 ಡಿಗ್ರಿಯಲ್ಲಿ ಗೋಡೆಯೇ ಸುಮಾರು 0.05 ಎಲೆಕ್ಟ್ರಾನ್‌ವೋಲ್ಟ್ ತಗ್ಗಿದೆ. ತಗ್ಗಿದ ಗೋಡೆಯನ್ನು ಗ್ಯಾಸು ಮತ್ತೆ ಅಷ್ಟೇ ತಗ್ಗಿಸಲಾರದು. ಹೀಟರ್ ಕಂಟ್ರೋಲರಿನ ದಾಖಲೆ ತೆಗೆದರೆ ಉತ್ತರ ಅಲ್ಲಿತ್ತು. ರಜೆಯಲ್ಲಿ ಕರೆಂಟು ಹೋಗಿ ಬಂದಾಗ ಅದು ಗುರಿ ತಪ್ಪಿ 300 ಡಿಗ್ರಿ ದಾಟಿ ಹೋಗಿತ್ತು. ಹೀಟರ್ ಆರಿಸದೆ ಊರಿಗೆ ಹೋದವರು ಯಾರು ಎಂಬ ತನಿಖೆ ನನ್ನ ಕೆಲಸವಲ್ಲ. ಸೂಕ್ಷ್ಮದರ್ಶಕದಲ್ಲಿ ಚಿನ್ನದ ಪದರದ ಅಂಚು ಚಿಂದಿಚಿಂದಿಯಾಗಿತ್ತು. 30 ನ್ಯಾನೊಮೀಟರಿನ ತೆಳು ಚಿನ್ನ ಅಂಟುಪದರವಿಲ್ಲದೆ ಕೂತಿದ್ದರೆ, ಬಿಸಿಗೆ ಹಂಚಿನ ಮೇಲಿನ ನೀರಹನಿಗಳಂತೆ ಒಟ್ಟುಗೂಡಿ ಮಧ್ಯೆ ಬಯಲು ಬಿಡುತ್ತದೆ. ಗೋಡೆ ಇದ್ದದ್ದೇ ಆ ಅಂಚಿನಲ್ಲಿ, ಗ್ಯಾಸು ಮುಟ್ಟುವುದೂ ಆ ಅಂಚನ್ನೇ.

ದಿಕ್ಕು ತಿರುಗಿಸಿ ಗ್ಯಾಸು ಬಿಟ್ಟು ನೋಡುವುದಕ್ಕೆ ಹತ್ತು ನಿಮಿಷ ಸಾಕು. ಎರಡೂ ದಿಕ್ಕಿನಲ್ಲಿ ಒಂದೇ ಉತ್ತರ ಬಂದು ಗ್ರಾಫೂ ನೆಟ್ಟಗಿದ್ದರೆ ಸಂವೇದನೆ ತಂತಿಯ ಮೈಯಲ್ಲಿದೆ. ಉತ್ತರ ಬೇರೆಬೇರೆಯಾದರೆ ತುದಿಯಲ್ಲಿದೆ. ಇನ್ನೂ ಖಾತರಿ ಬೇಕೆಂದರೆ ಕಾಂಟ್ಯಾಕ್ಟುಗಳನ್ನು ಮಾತ್ರ ಸಿಲಿಕಾ ಪದರದಿಂದ ಮುಚ್ಚಿ, ತಂತಿಯ ಮೈ ತೆರೆದಿಟ್ಟು ಅಳೆಯಬಹುದು. ಪಿಎಂಎಂಎ ಪ್ಲಾಸ್ಟಿಕ್ ಪದರ ಕೋಣೆಯ ಉಷ್ಣತೆಗೆ ಅಡ್ಡಿಯಿಲ್ಲ, 100 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ.

ಗೆರೆ ನೆಟ್ಟಗಿದೆ, ಆದರೂ ಮಂಕು

ಇದು ಇನ್ನೂ ಹೆಚ್ಚು ಜನರನ್ನು ಕಾಡುವ ದೋಷ. ನೆಟ್ಟನೆಯ ಗೆರೆ ಎಂದರೆ ಗೋಡೆಯಿಲ್ಲ ಎಂದಷ್ಟೇ ಅರ್ಥ, ಕಾಂಟ್ಯಾಕ್ಟಿನ ರೆಸಿಸ್ಟನ್ಸ್ ಕಡಿಮೆ ಎಂದಲ್ಲ. ತಂತಿ ಗಾಳಿಯಲ್ಲಿ 10 ಮೆಗಾ ಓಮ್ ಇದ್ದು, ಗ್ಯಾಸಿಗೆ 2.5ಕ್ಕೆ ಇಳಿದರೆ ನಾಲ್ಕು ಪಟ್ಟು. ಅದರ ಸಾಲಿನಲ್ಲೇ ಎರಡು ತುದಿಯ ಕಾಂಟ್ಯಾಕ್ಟು ಸೇರಿ 20 ಮೆಗಾ ಓಮ್ ಕೂತಿದ್ದರೆ ನೀವು ಅಳೆಯುವುದು 30ರಿಂದ 22.5. ನಾಲ್ಕು ಇದ್ದದ್ದು 1.33 ಆಯಿತು. ತಂತಿ ತನ್ನ ಕೆಲಸ ಪೂರ್ತಿ ಮಾಡಿದೆ, ಹೆಸರು ಮಾತ್ರ ಕೆಟ್ಟಿತು.

ಕಾಂಟ್ಯಾಕ್ಟಿನ ಪಾಲೆಷ್ಟು ಎಂದು ತಿಳಿಯಲು ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕಿ. 100 ನ್ಯಾನೊಮೀಟರ್ ದಪ್ಪ, 5 ಮೈಕ್ರೋಮೀಟರ್ ಉದ್ದದ ತಂತಿಯ ರೆಸಿಸ್ಟಿವಿಟಿ (ಅಳತೆ ಏನೇ ಇರಲಿ, ಆ ವಸ್ತುವಿನದೇ ಆದ ಅಡ್ಡಿಯ ಗುಣ) 1 ಓಮ್-ಸೆಂಟಿಮೀಟರ್ ಎಂದು ಹಿಡಿದರೆ ರೆಸಿಸ್ಟನ್ಸ್ ಸುಮಾರು 6.4 ಮೆಗಾ ಓಮ್ ಬರುತ್ತದೆ. ಬೆಳೆಸುವ ವಿಧಾನಕ್ಕೆ ತಕ್ಕಂತೆ ಝಿಂಕ್ ಆಕ್ಸೈಡಿನ ರೆಸಿಸ್ಟಿವಿಟಿ ಎಷ್ಟೋ ಪಟ್ಟು ಆಚೀಚೆ ಆಗುವುದರಿಂದ ಇದು ಅಂದಾಜು ಮಾತ್ರ; ಆದರೂ 6ರ ಜಾಗದಲ್ಲಿ 600 ಕಂಡರೆ ಕಾಂಟ್ಯಾಕ್ಟಿನ ಮೇಲೆ ಅನುಮಾನ ಪಡಲು ಸಾಕು. ಸರಿಯಾದ ದಾರಿ, ಒಂದೇ ತಂತಿಯ ಮೇಲೆ 2, 4, 8 ಮೈಕ್ರೋಮೀಟರ್ ಅಂತರದಲ್ಲಿ ಪ್ಯಾಡುಗಳನ್ನು ಹಾಕಿ, ಉದ್ದಕ್ಕೆ ಎದುರಾಗಿ ರೆಸಿಸ್ಟನ್ಸ್ ಗುರುತಿಸಿ ಗೆರೆ ಎಳೆಯುವುದು. ಉದ್ದ ಸೊನ್ನೆಯಾದಲ್ಲಿ ಗೆರೆ ಎಷ್ಟು ಎತ್ತರದಲ್ಲಿ ಕಡಿಯುತ್ತದೋ ಅದು ಎರಡು ಕಾಂಟ್ಯಾಕ್ಟುಗಳ ಒಟ್ಟು ಪಾಲು.

ನಾಲ್ಕು ತುದಿಯ ಅಳತೆಯೂ ಇದೆ. ಹೊರಗಿನ ಎರಡರಿಂದ ಕರೆಂಟು, ಒಳಗಿನ ಎರಡರಿಂದ ವೋಲ್ಟೇಜು. ಪುಸ್ತಕದಲ್ಲಿ ಸುಲಭ. ಆದರೆ ಸಾಮಾನ್ಯ ಡಿಜಿಟಲ್ ಮೀಟರಿನ ಒಳರೆಸಿಸ್ಟನ್ಸ್ 10 ಮೆಗಾ ಓಮ್. ನಿಮ್ಮ ತಂತಿಯೂ 10 ಮೆಗಾ ಓಮ್. ಅರ್ಧ ಕರೆಂಟು ಮೀಟರಿನೊಳಗೇ ಹೋಗಿಬಿಡುತ್ತದೆ, ಅಳತೆ ಅಲ್ಲಿಗೇ ಹಳ್ಳ ಹಿಡಿಯಿತು. ಇದಕ್ಕೆ ಒಳರೆಸಿಸ್ಟನ್ಸ್ ಅತಿ ಹೆಚ್ಚಿರುವ ಎಲೆಕ್ಟ್ರೋಮೀಟರ್ ಬೇಕು. ಇಲ್ಲದಿದ್ದರೆ ಈ ದಾರಿ ಬಿಡಿ.

ಮೊದಲು ಚೆನ್ನಾಗಿದ್ದು ವಾರಗಳಲ್ಲಿ ಮೆಲ್ಲಗೆ ಮಂಕಾದ ಓಮಿಕ್ ಸಾಧನವಾದರೆ ಟೈಟೇನಿಯಂ ಕಡೆ ನೋಡಿ. ಟೈಟೇನಿಯಂ ಝಿಂಕ್ ಆಕ್ಸೈಡಿನಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ, ಅಲ್ಲಿ ಉಳಿದ ಖಾಲಿ ಜಾಗಗಳು ಎಲೆಕ್ಟ್ರಾನು ಒದಗಿಸುತ್ತವೆ. ಹಾಗಾಗಿಯೇ ಅದು ಓಮಿಕ್. ಅದೇ ಗುಣ ಶತ್ರುವೂ ಹೌದು. ಬಿಸಿಯಲ್ಲಿ, ಗಾಳಿಯಲ್ಲಿ, ದಿನಗಟ್ಟಲೆ ಇಟ್ಟರೆ ಅಂಚಿನಿಂದ ಒಳಕ್ಕೆ ಟೈಟೇನಿಯಂ ಆಕ್ಸೈಡ್ ಆಗುತ್ತ ಹೋಗಿ ರೆಸಿಸ್ಟನ್ಸ್ ಏರುತ್ತದೆ. ಮೇಲಿನ ಚಿನ್ನ ದಪ್ಪಗಿದ್ದು ಅಂಚನ್ನೂ ಮುಚ್ಚಿದ್ದರೆ ಬಾಳಿಕೆ ಹೆಚ್ಚು. ಒಮ್ಮೆ ಆಕ್ಸೈಡ್ ಆದದ್ದನ್ನು ವಾಪಸು ತರುವ ಉಪಾಯ ನಾನು ಕಂಡಿಲ್ಲ. ಹೊಸ ಪ್ಯಾಡು ಹಾಕುವುದೇ ಸರಿ.

ಲೋಹದ ಹೆಸರು ನಂಬಬೇಡಿ

ಪುಸ್ತಕದ ಕೊನೆಯ ಕೋಷ್ಟಕ ನೋಡಿ ಲೋಹ ಆರಿಸುವುದು ರೂಢಿ. ಝಿಂಕ್ ಆಕ್ಸೈಡಿನ ಎಲೆಕ್ಟ್ರಾನ್ ಅಫಿನಿಟಿ (ಹೊರಗಿನಿಂದ ಬಂದ ಎಲೆಕ್ಟ್ರಾನನ್ನು ಒಳಗೆ ಸೇರಿಸಿಕೊಂಡಾಗ ಬಿಡುವ ಶಕ್ತಿ) ಸುಮಾರು 4.2 ಎಲೆಕ್ಟ್ರಾನ್‌ವೋಲ್ಟ್. ವರ್ಕ್ ಫಂಕ್ಷನ್ (ಲೋಹದಿಂದ ಎಲೆಕ್ಟ್ರಾನು ಹೊರತೆಗೆಯಲು ಬೇಕಾದ ಶಕ್ತಿ) ಅದರ ಹತ್ತಿರವಿರುವ ಟೈಟೇನಿಯಂ, ಅಲ್ಯೂಮಿನಿಯಂ ಓಮಿಕ್, 5.1ರ ಚಿನ್ನ, 5.6ರ ಪ್ಲಾಟಿನಂ ಶಾಟ್ಕಿ. ಇದು ಆರಂಭಕ್ಕೆ ಸರಿ. ಲೆಕ್ಕದ ಪ್ರಕಾರ ಚಿನ್ನದ ಗೋಡೆ 0.9 ಇರಬೇಕಿತ್ತು, ಅಳೆದರೆ ಕಡಿಮೆ. ತಂತಿಯ ಮೈಮೇಲಿನ ಕೊಳೆ, ನೀರಿನ ಪದರ, ಮೇಲ್ಮೈಯ ದೋಷಗಳು ಇವೆಲ್ಲ ಗೋಡೆಯಲ್ಲಿ ಪಾಲು ಕೇಳುತ್ತವೆ. ಒಂದೇ ಲೋಹ, ಒಂದೇ ಬ್ಯಾಚಿನ ತಂತಿ, ಬೇರೆ ದಿನ ತೊಳೆದದ್ದು ಅಷ್ಟೇ ವ್ಯತ್ಯಾಸ. ಗ್ರಾಫು ಮಾತ್ರ ಬೇರೆಯೇ.

ಬೆಳ್ಳಿಯ ವಿಷಯ ಇನ್ನೂ ಸ್ವಾರಸ್ಯ. ವರ್ಕ್ ಫಂಕ್ಷನ್ ಸುಮಾರು 4.3, ಕೋಷ್ಟಕ ನಂಬಿದರೆ ಓಮಿಕ್ ಆಗಬೇಕು. ಆದರೆ ಬೆಳ್ಳಿ ಆಕ್ಸೈಡ್ ರೂಪಕ್ಕೆ ಬಂದರೆ ಝಿಂಕ್ ಆಕ್ಸೈಡ್ ಮೇಲೆ ಅತಿ ಎತ್ತರದ ಗೋಡೆ ಕಟ್ಟುವ ವಸ್ತುಗಳಲ್ಲಿ ಅದೂ ಒಂದು. ಸಿಲ್ವರ್ ಪೇಸ್ಟ್ ಹಚ್ಚಿ ‘ಓಮಿಕ್’ ಎಂದುಕೊಂಡ ಸಾಧನ ಡೊಂಕು ಗ್ರಾಫು ಕೊಟ್ಟರೆ ಬೆಚ್ಚಬೇಡಿ. ಇದರ ಉಲ್ಟಾ ಉದಾಹರಣೆ ಫೋಕಸ್ಡ್ ಅಯಾನ್ ಬೀಮ್‌ನಲ್ಲಿ (ಗ್ಯಾಲಿಯಂ ಅಯಾನುಗಳ ಸೂಕ್ಷ್ಮ ಕಿರಣದಲ್ಲಿ) ಇಳಿಸಿದ ಪ್ಲಾಟಿನಂ. ಹೆಸರು ಪ್ಲಾಟಿನಂ, ಒಳಗೆ ಸಾಕಷ್ಟು ಇಂಗಾಲ, ಜೊತೆಗೆ ಆ ಕಿರಣದ ಗ್ಯಾಲಿಯಂ. ಗ್ಯಾಲಿಯಂ ಝಿಂಕ್ ಆಕ್ಸೈಡಿಗೆ ಎಲೆಕ್ಟ್ರಾನು ಕೊಡುವ ಕಲಬೆರಕೆ. ಹಾಗಾಗಿ ಶಾಟ್ಕಿ ಬಯಸಿ ಹಾಕಿಸಿದ್ದು ಓಮಿಕ್ಕಿಗೆ ಹತ್ತಿರವಾಗಿ ಬರುವುದುಂಟು.

ತಂತಿ ಝಿಂಕ್ ಆಕ್ಸೈಡ್ ಅಲ್ಲದೆ ತಾಮ್ರದ ಆಕ್ಸೈಡ್ ಆಗಿದ್ದರೆ ಮೇಲಿನದೆಲ್ಲ ತಲೆಕೆಳಗು. ಅದು ಪಿ-ಮಾದರಿ. ಚಿನ್ನ, ಪ್ಲಾಟಿನಂ ಅದಕ್ಕೆ ಓಮಿಕ್, ಅಮೋನಿಯಕ್ಕೆ ರೆಸಿಸ್ಟನ್ಸ್ ಇಳಿಯದೆ ಏರುತ್ತದೆ. ಇನ್ನು ಹೈಡ್ರೋಜನ್ ಸೆನ್ಸರಿಗೆ ಪಲ್ಲೇಡಿಯಂ ಹಾಕಿದವರಿಗೆ ಲೋಹವೇ ಸೆನ್ಸರ್: ಹೈಡ್ರೋಜನ್ ಪಲ್ಲೇಡಿಯಂ ಮೇಲೆ ಪರಮಾಣುವಾಗಿ ಒಡೆದು, ಲೋಹದೊಳಗಿಂದ ಸಾಗಿ ಕೂಡುಗೆರೆಗೆ ಬಂದು ಕೂರುತ್ತದೆ. ಸ್ವೀಡನ್ನಿನ ಲುಂಡ್‌ಸ್ಟ್ರೋಮ್ 1975ರಲ್ಲೇ ಪಲ್ಲೇಡಿಯಂ ಗೇಟಿನ ಟ್ರಾನ್ಸಿಸ್ಟರಿನಲ್ಲಿ ಈ ಗುಣವನ್ನು ಬಳಸಿದ್ದರು.

ಖಾಲಿ ಚಿಪ್ ಒಂದು ಸದಾ ಇರಲಿ

ಪ್ಯಾಡು, ಬೋರ್ಡು, ವೈರು ಎಲ್ಲ ಇದ್ದು ತಂತಿ ಮಾತ್ರ ಇಲ್ಲದ ಚಿಪ್. ಇದಕ್ಕಿಂತ ಅಗ್ಗದ ಉಪಕರಣ ನಮ್ಮಲ್ಲಿ ಇನ್ನೊಂದಿಲ್ಲ, ಕೇಳಿದರೆ ಯಾರ ಬಳಿಯೂ ಇರುವುದಿಲ್ಲ.

ನಾವು ಅಳೆಯುವುದು ಕೆಲವೇ ನ್ಯಾನೊ ಆಂಪಿಯರ್. ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಗೋಡೆಯೂ ಬೆವರುತ್ತದೆ, ಬೋರ್ಡಿನ ಮೇಲೆ ಒರೆಸದೆ ಬಿಟ್ಟ ಬೆಸುಗೆಯ ಫ್ಲಕ್ಸ್ ತೇವ ಹಿಡಿಯುತ್ತದೆ. ಎರಡು ಪ್ಯಾಡುಗಳ ನಡುವೆ ಆ ಒದ್ದೆ ಪದರವೇ ಒಂದು ರೆಸಿಸ್ಟರ್ ಆಗಿ, ತಂತಿಗೆ ಪಕ್ಕದ ದಾರಿ ಮಾಡಿಕೊಡುತ್ತದೆ. ಅಮೋನಿಯ ನೀರಿನಲ್ಲಿ ಚೆನ್ನಾಗಿ ಕರಗುವ ಅನಿಲ. ಆ ಪದರದಲ್ಲಿ ಅದು ಕರಗಿದರೆ ಅಯಾನುಗಳಾಗಿ ಕರೆಂಟು ಏರುತ್ತದೆ. ಅಂದರೆ ತಂತಿಯಿಲ್ಲದ ಚಿಪ್ ಕೂಡ ಅಮೋನಿಯಕ್ಕೆ ‘ಸಂವೇದನೆ’ ತೋರಿಸುತ್ತದೆ! ಒಂದು ಮಳೆಗಾಲದಲ್ಲಿ ನಾವು ಇಂಥದ್ದೇ ಒಂದು ಫಲಿತಾಂಶಕ್ಕೆ ಮೂರು ದಿನ ಹಿಗ್ಗಿದ್ದೆವು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬೋರ್ಡು ತೊಳೆದು ಒಣಗಿಸಿದ ಮೇಲೆ ಹಿಗ್ಗೂ ಹೋಯಿತು, ಸಂವೇದನೆಯೂ ಹೋಯಿತು.

ತಂತಿಯಿಂದ ಹೊರಗಿನ ಕಾಂಟ್ಯಾಕ್ಟುಗಳು

ಚಿಪ್‌ನಿಂದ ಮೀಟರಿನವರೆಗೆ ಇನ್ನೂ ಏಳೆಂಟು ಕೂಡುಗಳಿರುತ್ತವೆ. ಮಾಮೂಲಿ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗಲು ಶುರು. ಹೀಟರ್ ಪಕ್ಕದಲ್ಲೇ ಬೆಸುಗೆ ಹಾಕಿ 200 ಡಿಗ್ರಿಗೆ ಏರಿಸಿದರೆ ವೈರು ಮೆಲ್ಲಗೆ ತೇಲುತ್ತದೆ, ಬಿದ್ದುಹೋಗುವುದಿಲ್ಲ. ಹಾಗಾಗಿ ದೋಷ ಬಿಸಿಯಲ್ಲಿ ಮಾತ್ರ ಕಾಣಿಸಿಕೊಂಡು ತಣಿದ ಮೇಲೆ ಮಾಯ. ಇನ್ನೊಂದು, ತೆಳು ಚಿನ್ನದ ಪ್ಯಾಡಿಗೆ ನೇರ ಬೆಸುಗೆ ಹಾಕಿದರೆ ಕರಗಿದ ತವರ ಚಿನ್ನವನ್ನು ನುಂಗಿಬಿಡುತ್ತದೆ. ಚಿನ್ನದ ಎಳೆಯ ಬಾಂಡಿಂಗ್ ಸಾಧ್ಯವಿದ್ದರೆ ಅದನ್ನೇ ಮಾಡಿಸಿ.

ಅಮೋನಿಯದ ಕೆಲಸಕ್ಕೆ ಹಿತ್ತಾಳೆ ಕನೆಕ್ಟರ್, ತೆರೆದ ತಾಮ್ರದ ವೈರು ಬೇಡವೇ ಬೇಡ. ತೇವ ಸೇರಿದ ಅಮೋನಿಯ ಎರಡನ್ನೂ ತಿನ್ನುತ್ತದೆ. ಕೂಡಿನಲ್ಲಿ ನೀಲಿ ಛಾಯೆ ಕಂಡರೆ ಸೆನ್ಸರ್ ಬಿಟ್ಟು ವೈರು ಬದಲಿಸಿ. ಗ್ಯಾಸು ತರುವ ನಳಿಗೆಯೂ ಟೆಫ್ಲಾನ್ ಇರಲಿ. ಮೆತ್ತನೆಯ ಪ್ಲಾಸ್ಟಿಕ್ ನಳಿಗೆ ಅಮೋನಿಯವನ್ನು ತಾನೇ ಹೀರಿಕೊಂಡು ಆಮೇಲೆ ಮೆಲ್ಲಗೆ ಬಿಡುತ್ತದೆ, ಸೆನ್ಸರ್ ನಿಧಾನವಾಯಿತು ಎಂದು ನಾವು ಕಾಂಟ್ಯಾಕ್ಟು ಕೆದಕುತ್ತ ಕೂರುತ್ತೇವೆ.

ದ್ರವವನ್ನು ಮೈಕ್ರೋಲೀಟರ್ ಲೆಕ್ಕದಲ್ಲಿ ಹಾಕಿ ಆವಿ ಮಾಡುವವರಿಗೆ ಒಂದು ಮಾತು. ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 8 ಶೇಕಡಾ ಕಡಿಮೆ. ಸಮುದ್ರಮಟ್ಟದ ಸೂತ್ರ ಹಾಕಿದರೆ ನಿಮ್ಮ ಪಿಪಿಎಂ ಅಷ್ಟರಮಟ್ಟಿಗೆ ತಪ್ಪು. ಇಪ್ಪತ್ತು ಪಟ್ಟು ಒಂದೂಕಾಲಾದದ್ದಕ್ಕೆ ಮಾತ್ರ ಇದನ್ನು ಕಾರಣ ಹೇಳಬೇಡಿ.

ಸ್ಥಾಯೀ ವಿದ್ಯುತ್ತು ಒಂಟಿ ತಂತಿಯ ಯಮ. ಸೂಕ್ಷ್ಮದರ್ಶಕಕ್ಕೆ ತೋರಿಸಲು ಚಿಪ್‌ಗಳನ್ನು ಸಾದಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದವರು, ಜನವರಿಯ ಒಣ ಹವೆಯಲ್ಲಿ, ನಡುವೆ ಕಡಿದುಹೋದ ತಂತಿಯ ಚಿತ್ರ ತೆಗೆಸಿಕೊಂಡು ವಾಪಸಾದರು. ಕಪ್ಪು ವಾಹಕ ಫೋಮ್ ಇರುವ ಡಬ್ಬಿ ಇರಲಿ, ಎರಡೂ ಪ್ಯಾಡು ಒಂದಕ್ಕೊಂದು ಶಾರ್ಟ್ ಆಗಿರಲಿ. ಅಳೆಯುವಾಗ ಮೊದಲು ಮೀಟರಿನ ಔಟ್‌ಪುಟ್ ಸೊನ್ನೆ ಮಾಡಿ ಆಮೇಲೆ ಆ ಶಾರ್ಟ್ ಬಿಡಿಸಿ.

ಬ್ಯಾಡಗಿಗೆ ಯಾವುದು?

ಪ್ರಬಂಧಕ್ಕೆ ಶಾಟ್ಕಿ ಚೆಂದ, ಸಂಖ್ಯೆ ದೊಡ್ಡದು ಬರುತ್ತದೆ. ಆದರೆ ಹತ್ತು ಚಿಪ್ ಮಾಡಿದರೆ ಹತ್ತಕ್ಕೂ ಬೇರೆ ಗೋಡೆ. ಗೋಡೆ 0.05 ಆಚೀಚೆ ಆದರೆ ಬೇಸ್‌ಲೈನ್ (ಬರೀ ಗಾಳಿಯ ಕರೆಂಟು) ನಾಲ್ಕು ಪಟ್ಟು ಆಚೀಚೆ. ಹೀಟರಿನ ಉಷ್ಣತೆ ಕುಲುಕಿದರೂ ಅದೇ ಗತಿ. ಕಂಪ್ರೆಸರ್ ಕೋಣೆಯಲ್ಲಿ ವರ್ಷಗಟ್ಟಲೆ ನೇತಾಡಿಕೊಂಡು, ಯಾರೂ ಕ್ಯಾಲಿಬ್ರೇಟ್ ಮಾಡದೆ, 25 ಪಿಪಿಎಂಗೆ ಕೂಗಬೇಕಾದ ಪೆಟ್ಟಿಗೆಗೆ ನಾನಾದರೆ ನೂರಾರು ತಂತಿ ಒಟ್ಟಿಗಿರುವ, ಒಳ್ಳೆಯ ಓಮಿಕ್ ಕಾಂಟ್ಯಾಕ್ಟಿನ, ನಾಲ್ಕೇ ಪಟ್ಟು ಏರುವ ಸೆನ್ಸರ್ ಹಾಕುತ್ತೇನೆ. ಹುಡುಗಿ ಇದನ್ನು ಒಪ್ಪಲಿಲ್ಲ. ‘ನಾಕ್ ಪಟ್ಟು ಯಾರ್ ಪಬ್ಲಿಷ್ ಮಾಡ್ತಾರ್ರಿ ಸರ?’ ಅಂದಳು. ಅದೂ ಸುಳ್ಳಲ್ಲ.

ಹೊಸ ಚಿಪ್‌ಗೆ ಅವಳು 100 ನ್ಯಾನೊಮೀಟರ್ ದಪ್ಪದ ಚಿನ್ನ ಹಾಕಿಸಿದಳು, ಹೀಟರಿಗೆ ಮೇಲ್ಮಿತಿಯ ಕಟ್‌ಆಫ್ ಕೂರಿಸಿದಳು. ದಿಕ್ಕು ಮತ್ತೆ ತಪ್ಪಬಾರದೆಂದು ಶಾಟ್ಕಿ ಪ್ಯಾಡಿನ ಪಕ್ಕ, ಬೋರ್ಡಿನ ಮೇಲೆ, ತನ್ನ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆಯನ್ನೂ ಇಟ್ಟಳು. ಮರುದಿನ ಬೆಳಿಗ್ಗೆ ಬೇಸ್‌ಲೈನ್ ಆಕಾಶದಲ್ಲಿತ್ತು, ನಿಲ್ಲುತ್ತಲೇ ಇರಲಿಲ್ಲ. ಐ-ವಿ ತೆಗೆದೆವು, ಕ್ಲಿಪ್ ತಿರುಗಿಸಿದೆವು, ಖಾಲಿ ಚಿಪ್ ಹಾಕಿ ನೋಡಿದೆವು. ಎರಡು ತಾಸಿನ ಮೇಲೆ ಚೇಂಬರಿನ ಮುಚ್ಚಳ ತೆಗೆದು ಮೂಗು ಹಿಡಿದಾಗ ಗೊತ್ತಾಯಿತು. ನೇಲ್ ಪಾಲಿಶ್‌ನಿಂದ ಏಳುವ ಇಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಆವಿಯನ್ನು ಅವಳ ಸೆನ್ಸರ್ ರಾತ್ರಿಯಿಡೀ ಪತ್ತೆ ಹಚ್ಚುತ್ತ ಕೂತಿತ್ತು. ಪೆನ್ಸಿಲ್ಲಿನಿಂದ ಗುರುತು ಹಾಕುತ್ತೇನೆ ಅಂದಳು. ಗ್ರಾಫೈಟು ಕರೆಂಟು ಹರಿಸುತ್ತದೆ, ಬೇಡ ಅಂದೆ. ಕೊನೆಗೆ ಸೂಜಿಯಿಂದ ಬೋರ್ಡಿನ ಮೂಲೆಯಲ್ಲಿ ಒಂದು ಗೀರು ಎಳೆದಳು.